ಮಗಳ ಸೂಜಿಗೆ ಬಂದ ತಾಯಿ: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ಊರು ಹಾಗೂ ಕುಟುಂಬದ ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ಶಾಂತಮ್ಮ, 38 ವರ್ಷ. ಎರಡು ಹಸು, ಒಂದೂವರೆ ಎಕರೆ ಹೊಲ. ಹೆಣ್ಣುಮಕ್ಕಳಿಬ್ಬರು: ದೊಡ್ಡವಳಿಗೆ 17, ಚಿಕ್ಕವಳಿಗೆ 13. ಹಿಂದಿನ ವರ್ಷ ನಾದಿನಿ ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಬಂದ ಕಾರಣ ನೇರವಾಗಿತ್ತು: "ಈ ಕಾಯಿಲೆಗೆ ಸೂಜಿ ಇದೆಯಂತೆ, ಮಕ್ಕಳಿಗೆ ಹಾಕಿಸ್ಬೇಕು. ಅವರಪ್ಪ ಒಪ್ತಿಲ್ಲ. ನೀವೇ ಒಂದ್ಮಾತು ಹೇಳಿ ಮೇಡಂ."

ಮಗಳ ಲಸಿಕೆ ಕೇಳಿ ಬರುವ ಪ್ರತಿ ತಾಯಿಗೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: "ನಿಮ್ಮ ಪರೀಕ್ಷೆ ಯಾವಾಗ ಆಯ್ತು?" ಶಾಂತಮ್ಮನವರ ಉತ್ತರ, "ನನಗೇನಿಲ್ಲ ಮೇಡಂ, ಆಪರೇಷನ್ ಆಗಿ ಹನ್ನೊಂದು ವರ್ಷ ಆಯ್ತು." ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಕಟ್ಟುವುದು ಗರ್ಭನಾಳಗಳನ್ನು ಮಾತ್ರ. ಗರ್ಭಕಂಠ ಇದ್ದಲ್ಲೇ ಇರುತ್ತದೆ, ಅದಕ್ಕೆ ಬರುವ ಅಪಾಯವೂ ಹಾಗೇ ಇರುತ್ತದೆ. 'ಆಪರೇಷನ್ ಆಯ್ತು, ಇನ್ನೇನೂ ಇಲ್ಲ' ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಎಷ್ಟು ಗಟ್ಟಿಯೆಂದರೆ, ಬಿಳಿ ಹೋಗುವುದು, ಸೊಂಟನೋವು ಎಲ್ಲವನ್ನೂ ಆ ಆಪರೇಷನ್ ಲೆಕ್ಕಕ್ಕೇ ಹಾಕಿಬಿಡುತ್ತಾರೆ. ಬಿಡಿಸಿ ಕೇಳಿದಾಗ ತಿಳಿದದ್ದು: ಆರು ತಿಂಗಳಲ್ಲಿ ಮೂರು ಸಲ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡಿತ್ತು. ಯಾರಿಗೂ ಹೇಳಿರಲಿಲ್ಲ.

ಇಲ್ಲಿ ಒಂದು ತಪ್ಪು ಸುಲಭವಾಗಿ ಆಗುತ್ತದೆ. ಆರೋಗ್ಯ ಕೇಂದ್ರದಲ್ಲಿ 30 ದಾಟಿದ ಹೆಂಗಸರಿಗೆ ಮಾಡುವ ವಿಐಎ ತಪಾಸಣೆ, ಅಂದರೆ 3ರಿಂದ 5 ಶೇಕಡಾ ಅಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಸವರಿ, ಒಂದು ನಿಮಿಷ ಕಾದು, ಬೆಳ್ಳಗಾಗುವ ಜಾಗವನ್ನು ನೋಡುವುದು, ಲಕ್ಷಣವಿಲ್ಲದವರಿಗಾಗಿ ಇರುವ ಜರಡಿ. ಸೇರಿದ ಮೇಲೆ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ವಾಸನೆಯ ನೀರುನೀರಾದ ಸ್ರಾವ ಇದ್ದವರನ್ನು 'ಶಿಬಿರ ಬಂದಾಗ ಬನ್ನಿ' ಎಂದು ಕಳಿಸಬಾರದು. ಅವರನ್ನು ಅದೇ ವಾರ ಸ್ತ್ರೀರೋಗ ತಜ್ಞರು ನೋಡಬೇಕು. ಶಾಂತಮ್ಮನವರಿಗೆ ಕೊಟ್ಟ ಮೊದಲ ಸಲಹೆ ಇದೇ: ಮಕ್ಕಳ ಸೂಜಿ ಹದಿನೈದು ದಿನ ತಡವಾದರೂ ನಡೆಯುತ್ತದೆ, ನಿಮ್ಮ ಪರೀಕ್ಷೆ ತಡವಾಗಬಾರದು.

ಕಾಲ್ಪೊಸ್ಕೋಪಿ ಮಾಡಿ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡಿ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಬಂದದ್ದು ಸಿಐಎನ್ 2: ಕ್ಯಾನ್ಸರ್ ಅಲ್ಲ, ಬಿಟ್ಟರೆ ಆ ದಾರಿ ಹಿಡಿಯಬಹುದಾದ ಬದಲಾವಣೆ. ಲೀಪ್ ವಿಧಾನದಲ್ಲಿ, ವಿದ್ಯುತ್ ಹರಿಯುವ ತೆಳು ತಂತಿಯ ಕುಣಿಕೆಯಿಂದ, ಆ ಭಾಗವನ್ನು ತೆಗೆದರು. ಮರಗಟ್ಟಿಸುವ ಸೂಜಿ ಸಾಕು, ಅಂದೇ ಮನೆಗೆ ಹೋಗಬಹುದು. ನಂತರದ ನಾಲ್ಕು ವಾರ ಗಂಡ ಹೆಂಡತಿ ಸೇರುವಂತಿಲ್ಲ, ನೀರಿನ ಕೊಡ, ಹುಲ್ಲಿನ ಹೊರೆ ಎತ್ತುವಂತಿಲ್ಲ. ಬಟ್ಟೆ ತೊಯ್ಯುವಷ್ಟು ರಕ್ತ, ಜ್ವರ ಅಥವಾ ಕೆಟ್ಟ ವಾಸನೆ ಬಂದರೆ ಕಾಯದೆ ಆಸ್ಪತ್ರೆಗೆ ಬರಬೇಕು.

ಈ ನಾಲ್ಕು ವಾರದ ಕಾರಣಕ್ಕಾದರೂ ಗಂಡನಿಗೆ ವಿಷಯ ತಿಳಿಸಲೇಬೇಕಾಯಿತು. ಪ್ರಕರಣದ ಸೂಕ್ಷ್ಮ ಘಟ್ಟ ಅದು.

ಶಾಂತಮ್ಮನವರ ಒಪ್ಪಿಗೆ ಪಡೆದು ಮೊದಲು ಅವರ ಗಂಡನನ್ನು ಮಾತ್ರ ಕೂರಿಸಿ ಮಾತಾಡಿಸಲಾಯಿತು. ಲಸಿಕೆ ಬೇಡ ಎನ್ನುವುದಕ್ಕೆ ಅವರು ಕೊಟ್ಟ ಕಾರಣಗಳು ಮೂರು: ಮಕ್ಕಳಾಗುವುದಿಲ್ಲವಂತೆ, ಆಂಧ್ರದಲ್ಲಿ ಹುಡುಗಿಯರು ಸತ್ತರಂತೆ, ಮದುವೆಯಾಗದವರಿಗೆ ಇದು ಯಾಕೆ. ಅರ್ಧ ಗಂಟೆಯ ನಂತರ ನಾಲ್ಕನೆಯದು ಬಂತು, ನಿಜವಾದದ್ದು: "ನನ್ನ ತಂಗಿ ಸತ್ತಾಗ ಊರಲ್ಲಿ ಅವಳ ನಡತೆ ಮೇಲೆ ಮಾತಾಡಿದ್ರು. ಈಗ ನನ್ನ ಮಕ್ಕಳಿಗೂ ಆ ಕಾಯಿಲೆ ಸೂಜಿ ಅಂದ್ರೆ?"

ಈ ಮಾತು ಹೊರಬರುವ ಮುಂಚೆ ಅಂಕಿಅಂಶ ಹೇಳಿದ್ದರೆ ಒಂದೂ ಅವರ ಕಿವಿಗೆ ಬೀಳುತ್ತಿರಲಿಲ್ಲ. ಅವರಿಗೆ ಹೇಳಿದ್ದು ಇಷ್ಟು. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಸ್ ಸಂಸಾರ ನಡೆಸುವ ಹೆಚ್ಚಿನ ಗಂಡು ಹೆಣ್ಣುಗಳಿಗೆ ಬದುಕಿನಲ್ಲಿ ಒಮ್ಮೆಯಾದರೂ ತಗಲುತ್ತದೆ. ಬಹುಪಾಲು ಜನರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಉಳಿದು, 15ರಿಂದ 20 ವರ್ಷದ ಮೇಲೆ ಕ್ಯಾನ್ಸರ್ ಆಗುತ್ತದೆ. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಒಬ್ಬನೇ ಗಂಡನ ಜೊತೆ ಬಾಳಿದ ಹೆಂಗಸಿಗೂ ಇದು ಬರುತ್ತದೆ. ನಿಮ್ಮ ತಂಗಿಗೆ ಬಂದದ್ದು ವೈರಸ್, ಅದರಿಂದ ಯಾರ ನಡತೆಯನ್ನೂ ಅಳೆಯಲಾಗದು. ಅವರು ಬಹಳ ಹೊತ್ತು ಸುಮ್ಮನಿದ್ದರು. ಹೆಂಡತಿಯ ವರದಿಯ ಮಾತು ತೆಗೆದದ್ದು ಅದಾದ ಮೇಲೆ, ಇಬ್ಬರನ್ನೂ ಒಟ್ಟಿಗೆ ಕೂರಿಸಿ.

'ಮದುವೆಗೆ ಮುಂಚೆ ಯಾಕೆ' ಎಂಬುದಕ್ಕೆ ಹೆಪಟೈಟಿಸ್ ಬಿ ಲಸಿಕೆಯ ಉದಾಹರಣೆ ಕೆಲಸ ಮಾಡುತ್ತದೆ. ಆ ವೈರಸ್ ಕೂಡ ಲೈಂಗಿಕ ಸಂಪರ್ಕದಿಂದ ಹರಡಬಲ್ಲದು. ಆದರೂ ಹುಟ್ಟಿದ 24 ಗಂಟೆಯೊಳಗೆ ಕೂಸಿಗೆ ಹಾಕುತ್ತೇವೆ, ಯಾರೂ ಯಾಕೆಂದು ಕೇಳುವುದಿಲ್ಲ. ವೈರಸ್ ತಗಲುವ ಮುಂಚೆ ಹಾಕಿದರಷ್ಟೇ ಲಸಿಕೆಗೆ ಪೂರ್ತಿ ಬಲ. ಬಂಜೆತನದ ಭಯಕ್ಕೆ ಆಧಾರವಿಲ್ಲ. ಲಸಿಕೆಯಲ್ಲಿ ಇರುವುದು ವೈರಸ್ಸಿನ ಹೊರಕವಚದ ಪ್ರೋಟೀನು ಮಾತ್ರ, ಒಳಗಿನ ವಂಶವಾಹಿ ಇಲ್ಲ.

ಆಂಧ್ರದ ಮಾತನ್ನು ಸುಳ್ಳೆಂದು ತಳ್ಳಿಹಾಕಲಿಲ್ಲ. ತಳ್ಳಿಹಾಕಲೂಬಾರದು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಎಚ್‌ಪಿವಿ ಲಸಿಕೆಯ ಪ್ರಾಯೋಗಿಕ ಯೋಜನೆ ನಡೆದಾಗ ಏಳು ಬಾಲಕಿಯರು ತೀರಿಕೊಂಡರು. ವಿಚಾರಣೆಯಲ್ಲಿ ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಂಡುಬರಲಿಲ್ಲ. ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು ಇಂಥ ಕಾರಣಗಳಿದ್ದವು. ಆದರೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದ್ದು ನಿಜ, ಅದು ದೊಡ್ಡ ತಪ್ಪು. "ಅದಕ್ಕೇ ನಿಮ್ಮ ಸಹಿ ನೀವೇ, ಓದಿ, ಕೇಳಿ ಹಾಕಬೇಕು" ಎಂದಾಗ ಅವರ ಗಟ್ಟಿತನ ಸ್ವಲ್ಪ ಸಡಿಲವಾಯಿತು.

ಇನ್ನು ಲಸಿಕೆಯ ಲೆಕ್ಕ. ದೇಶದಲ್ಲೇ ತಯಾರಾದ ಸರ್ವಾವ್ಯಾಕ್ ಈ ವೈರಸ್ಸಿನ 6, 11, 16, 18 ಎಂಬ ನಾಲ್ಕು ಬಗೆಗಳನ್ನು ತಡೆಯುತ್ತದೆ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70 ಶೇಕಡಾ 16 ಮತ್ತು 18ರಿಂದಲೇ ಬರುತ್ತವೆ. ಚಿಕ್ಕವಳಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದ ದೊಡ್ಡವಳಿಗೆ 0, 2, 6ನೇ ತಿಂಗಳಿಗೆ ಮೂರು ಡೋಸ್ ಎಂಬುದು ತಯಾರಕರ ಕ್ರಮ. ಐದು ಡೋಸಿನ ಖರ್ಚು ಕೇಳಿ ದಂಪತಿ ಮುಖ ಮುಖ ನೋಡಿಕೊಂಡರು. 20 ವರ್ಷದವರೆಗೆ ಒಂದೇ ಡೋಸ್ ಕೂಡ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಭಾರತದ ಬಾಲಕಿಯರನ್ನೇ ಹತ್ತು ವರ್ಷ ಗಮನಿಸಿದ ಅಧ್ಯಯನದಲ್ಲೂ 16 ಮತ್ತು 18 ಬಗೆಗಳ ಬಿಡದ ಸೋಂಕಿನ ವಿರುದ್ಧ ಒಂದು ಡೋಸ್ 95 ಶೇಕಡಾದಷ್ಟು ರಕ್ಷಣೆ ಕೊಟ್ಟಿತ್ತು. ಹಾಗಾಗಿ ಸಲಹೆ: ಮೊದಲು ಇಬ್ಬರಿಗೂ ಒಂದೊಂದು ಹಾಕಿಸಿ, ಮುಂದಿನದನ್ನು ವೈದ್ಯರ ಜೊತೆ ಮಾತಾಡಿ ನಿರ್ಧರಿಸಿ. ಒಬ್ಬಳಿಗೆ ಪೂರ್ತಿ, ಇನ್ನೊಬ್ಬಳಿಗೆ ಏನೂ ಇಲ್ಲ ಎಂಬುದು ಬೇಡ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಮಾತ್ರ ಈ ಒಂದು ಡೋಸಿನ ಮಾತು ಅನ್ವಯಿಸುವುದಿಲ್ಲ. ಸರ್ಕಾರದ ಉಚಿತ ಲಸಿಕೆ ಯಾವ ವಯಸ್ಸಿಗೆ ಸಿಗುತ್ತದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಆಮೇಲೆ ಖಾಸಗಿಯ ಮಾತು.

ಹಾಕಿಸುವ ದಿನ ಮಕ್ಕಳು ತಿಂಡಿ ತಿಂದಿರಬೇಕು. ಮುಟ್ಟಾಗಿದ್ದರೂ ಅಡ್ಡಿಯಿಲ್ಲ. ಜೋರು ಜ್ವರವಿದ್ದರೆ ಮುಂದೂಡಿ. ತೋಳಿಗೆ ಅರ್ಧ ಎಂ.ಎಲ್. ಸೂಜಿ, ನಂತರ 15 ನಿಮಿಷ ಕೂತೇ ಇರಬೇಕು. ಈ ವಯಸ್ಸಿನ ಹುಡುಗಿಯರು ಸೂಜಿಯ ಭಯಕ್ಕೆ ತಲೆಸುತ್ತಿ ಬೀಳುವುದುಂಟು, ಶಾಲೆಯಲ್ಲಿ ಒಬ್ಬಳು ಬಿದ್ದರೆ ಸಾಲಿನಲ್ಲಿದ್ದವರೆಲ್ಲ ಹೆದರುತ್ತಾರೆ. ತೋಳು ಎರಡು ದಿನ ನೋಯಬಹುದು.

"ನನಗೂ ಒಂದು ಹಾಕ್ಬಿಡಿ" ಎಂದರು ಶಾಂತಮ್ಮ. ಈಗಾಗಲೇ ಇರುವ ಸೋಂಕನ್ನು ಲಸಿಕೆ ವಾಸಿಮಾಡದು. ಆ ದುಡ್ಡು ಮಕ್ಕಳಿಗಿರಲಿ, ನಿಮಗೆ ಬೇಕಾದದ್ದು 12 ತಿಂಗಳಿಗೆ ಮರುಪರೀಕ್ಷೆ ಎಂದು ತಿಳಿಸಿ ತಿಂಗಳನ್ನು ಚೀಟಿಯಲ್ಲಿ ಬರೆದುಕೊಡಲಾಯಿತು. ಲಸಿಕೆ ಹಾಕಿಸಿಕೊಂಡ ಹೆಣ್ಣುಮಕ್ಕಳಿಗೂ 30ರ ನಂತರ ತಪಾಸಣೆ ತಪ್ಪದು, ಲಸಿಕೆ ಎಲ್ಲ ಬಗೆಗಳನ್ನೂ ತಡೆಯುವುದಿಲ್ಲ.

ಮೂರನೇ ಭೇಟಿಯಲ್ಲಿ ಅವರು ಕೇಳಿದ್ದು ತಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಇದನ್ನು ಹೇಗೆ ಹೇಳಲಿ ಎಂದು. 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿರುವ ದೇಶದಲ್ಲಿ, ಈ ಪ್ರಶ್ನೆಗೆ ಬಹಳ ಬೆಲೆಯಿದೆ. ಕೊಟ್ಟ ಸಲಹೆ: ನಿಮ್ಮ ವರದಿಯನ್ನು ಅಲ್ಲಿ ಹೇಳಬೇಕಾದ ಹಂಗಿಲ್ಲ. 'ಇದು ಕ್ಯಾನ್ಸರ್ ತಡೆಯುವ ಸೂಜಿ' ಎಂದೇ ಶುರುಮಾಡಿ. ಹೇಗೆ ಹರಡುತ್ತದೆಂದು ಕೇಳಿದರೆ ಮುಚ್ಚಿಡಬೇಡಿ, ಹೆಚ್ಚಿನವರಿಗೆಲ್ಲ ತಗಲುವಂಥದ್ದು ಎಂಬುದನ್ನು ಅದೇ ಉಸಿರಿನಲ್ಲಿ ಹೇಳಿ. ಆಪರೇಷನ್ ಆದವರಿಗೂ ಪರೀಕ್ಷೆ ಬೇಕು ಎಂಬುದನ್ನು ಎರಡು ಸಲ ಹೇಳಿ.

ಮಕ್ಕಳಿಬ್ಬರಿಗೂ ಮೊದಲ ಡೋಸ್ ಆಗಿದೆ. ಒಪ್ಪಿಗೆ ಪತ್ರಕ್ಕೆ ತಂದೆಯೇ ಸಹಿ ಹಾಕಿದ್ದಾರೆ. ತೀರಿಹೋದ ತಂಗಿಗೂ ಒಬ್ಬ ಮಗಳಿದ್ದಾಳೆ, 11 ವರ್ಷ. ಅವಳನ್ನು ಯಾವಾಗ ಕರೆತರಲಿ ಎಂದು ಕೇಳಿ ಹೋಗಿದ್ದಾರೆ.