ಘೇಂಡಾಮೃಗಕ್ಕೆ ಶಾಲು ಬೇಡ

ಪ್ರಶ್ನೆ: ನಮ್ಮ ಹವ್ಯಾಸಿ ತಂಡ ಫ್ರೆಂಚ್ ಭಾಷೆಯ ನಾಟಕಕಾರ ಅಯನೆಸ್ಕೊನ ‘ರೈನಾಸರಸ್’ ಆಡಿತು. ಊರಿನವರೆಲ್ಲ ಒಬ್ಬೊಬ್ಬರಾಗಿ ಘೇಂಡಾಮೃಗಗಳಾಗುವ ಆ ಅಸಂಗತ (ತರ್ಕಕ್ಕೆ ಸಿಗದ) ನಾಟಕಕ್ಕೆ ಜನ ಚೆನ್ನಾಗಿ ನಕ್ಕರು. ಕೊನೆಗೆ ಮನುಷ್ಯನಾಗಿ ಉಳಿದ ಒಬ್ಬನೇ ಒಬ್ಬ ಬೆರಂಜೆ ಮುಷ್ಟಿ ಎತ್ತಿ ‘ನಾನು ಶರಣಾಗುವುದಿಲ್ಲ’ ಎಂದಾಗ ಭಾರೀ ಚಪ್ಪಾಳೆ. ಆದರೆ ಹೊರಗೆ ಬಂದವರು ‘ಈ ಘೇಂಡಾಮೃಗ ಅಂದ್ರ ಯಾರ್ರೀ?’ ಎಂದು ಕೇಳಿದರು. ಮುಂದಿನ ಪ್ರದರ್ಶನದಲ್ಲಿ ಪ್ರಾಣಿಗಳಿಗೆ ಒಂದೇ ಬಣ್ಣದ ಶಾಲು ಹೊದಿಸಿ ವಿಷಯ ಸ್ಪಷ್ಟಪಡಿಸೋಣ ಎಂದು ಗೆಳೆಯರ ಒತ್ತಾಯ. ಏನು ಹೇಳುತ್ತೀರಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಬೇಡ. ಇಷ್ಟಕ್ಕೇ ಮುಗಿಸಬಹುದಿತ್ತು, ಆದರೆ ಕೆಣಕಿದವರು ನೀವು, ಪೂರ್ತಿ ಕೇಳಿಸಿಕೊಳ್ಳಲೇಬೇಕು.

ಟಿಕೆಟ್ ಕೊಂಡು ಬಂದವರು ತಲೆ ಕೆರೆದುಕೊಂಡು ಮನೆಗೆ ಹೋಗಬಾರದು ಎಂಬ ನಿಮ್ಮ ಗೆಳೆಯರ ಕಾಳಜಿ ಒಳ್ಳೆಯದೇ. ಆದರೆ ಯಾರು ಯಾಕೆ ಪ್ರಾಣಿಯಾಗುತ್ತಾರೆ ಎಂಬುದನ್ನು ಇನ್ನೊಮ್ಮೆ ನೋಡಿ. ಬೆರಂಜೆಯ ಗೆಳೆಯ ಜೀನ್‌ಗೆ ಶಿಸ್ತು, ಇಚ್ಛಾಶಕ್ತಿಗಳ ಹುಚ್ಚು. ಬೊತಾರ್ ಹಿಂದೆ ಮೇಷ್ಟ್ರಾಗಿದ್ದವನು, ಮಹಾ ವಿಚಾರವಾದಿ; ಘೇಂಡಾಮೃಗವೆಂಬುದೇ ಪತ್ರಿಕೆಯವರ ಕಟ್ಟುಕತೆ ಎಂದು ಹಟ ಹಿಡಿದವನು ಕೊನೆಗೆ ‘ಕಾಲಕ್ಕೆ ತಕ್ಕಂತೆ ನಡೆಯಬೇಕು’ ಎಂದು ಹೊರಟೇಬಿಡುತ್ತಾನೆ. ಕಾನೂನು ಓದಿದ ದುದಾರ್‌ಗೆ ಎಲ್ಲರನ್ನೂ ಅರ್ಥಮಾಡಿಕೊಳ್ಳುವ ಚಟ, ಅರ್ಥಮಾಡಿಕೊಳ್ಳುತ್ತಲೇ ಹಿಂಡು ಸೇರುತ್ತಾನೆ. ಘೇಂಡಾಮೃಗವಾದ ಬೋಫ್‌ನ ಹೆಂಡತಿ ಗಂಡನ ಗುರುತು ಹಿಡಿದು ಅವನ ಬೆನ್ನೇರಿ ಹೋಗುತ್ತಾಳೆ. (ನಮ್ಮಲ್ಲಾದರೆ ಅದನ್ನು ಪಾತಿವ್ರತ್ಯ ಎನ್ನುತ್ತಿದ್ದರು.) ಒಬ್ಬೊಬ್ಬರ ನೆಪವೂ ಬೇರೆ. ಇವರಿಗೆಲ್ಲ ಒಂದೇ ಶಾಲು ಹೊದಿಸಿದರೆ ಸಭಾಂಗಣದ ಅರ್ಧ ಜನ ‘ಓ, ಅವರಾ!’ ಎಂದು ನಿರಾಳವಾಗಿ ಕಾಲು ಚಾಚುತ್ತಾರೆ. ಉಳಿದರ್ಧ ಸಿಟ್ಟಾಗಿ ಎದ್ದು ಹೋಗುತ್ತಾರೆ. ನಾಟಕ ನೋಡುವವರು ಯಾರು?

ಅಯನೆಸ್ಕೊಗೆ ಇದು ಓದಿ ಬಂದ ವಿಷಯವಲ್ಲ. 1909ರಲ್ಲಿ ರೊಮೇನಿಯಾದಲ್ಲಿ ಹುಟ್ಟಿದ ಆತ 1930ರ ದಶಕದ ಬುಖಾರೆಸ್ಟ್‌ನಲ್ಲಿ ‘ಐರನ್ ಗಾರ್ಡ್’ ಎಂಬ ಫ್ಯಾಸಿಸ್ಟರ ಕಡೆಗೆ ತನ್ನ ಓರಗೆಯವರು ಜಾರಿದ್ದನ್ನು ಕಣ್ಣಾರೆ ಕಂಡ. ಕಲ್ಕತ್ತೆಗೆ ಬಂದು ಸುರೇಂದ್ರನಾಥ ದಾಸಗುಪ್ತರ ಬಳಿ ಭಾರತೀಯ ದರ್ಶನ ಓದಿದ್ದ ಮಿರ್ಚಾ ಎಲಿಯಾಡೆ ಕೂಡ ಆ ಕಡೆ ವಾಲಿದ್ದವರೇ, ವಿದ್ವತ್ತೇನೂ ಅಡ್ಡ ಬರಲಿಲ್ಲ. ಜಾರುವ ಬಗೆಯನ್ನೂ ಅಯನೆಸ್ಕೊ ಹೇಳಿದ್ದಾನೆ: ‘ಅವರದ್ದನ್ನು ನಾನೇನೂ ಒಪ್ಪುವುದಿಲ್ಲ, ಆದರೂ ಒಂದೆರಡು ವಿಷಯದಲ್ಲಿ...’ ಎಂದು ಗೆಳೆಯನೊಬ್ಬ ಶುರುಮಾಡಿದರೆ ರೋಗ ತಗುಲಿತೆಂದೇ ಲೆಕ್ಕ, ಕೆಲವೇ ವಾರಗಳಲ್ಲಿ ಆತ ಅವರವನೇ ಆಗಿರುತ್ತಿದ್ದ. ಆ ‘ಆದರೂ’ ಎಂಬುದಕ್ಕೆ ಯಾವ ಬಣ್ಣದ ಶಾಲು ಹೊದಿಸುತ್ತೀರಿ ಸ್ವಾಮಿ? ನಾಟಕ ಮೊದಲು ರಂಗಕ್ಕೆ ಬಂದದ್ದು 1959ರ ನವೆಂಬರಿನಲ್ಲಿ, ಅದೂ ಜರ್ಮನಿಯ ಡ್ಯೂಸೆಲ್ಡಾರ್ಫ್‌ನಲ್ಲಿ. ಹಿಟ್ಲರನ ಕಾಲವನ್ನು ಕಂಡು ಬದುಕಿದ್ದ ಊರಿನವರಿಗೆ ತೋಳುಪಟ್ಟಿ ಕಟ್ಟಿ ತೋರಿಸಬೇಕಿತ್ತೆ?

ವೇಷದ ಮಾತಿಗೆ ಬಂದರೆ, ನಾಟಕದ ಜೀವ ಇರುವುದು ಬಚ್ಚಲುಮನೆಯ ಬಾಗಿಲಲ್ಲಿ. ಜೀನ್ ನೀತಿಗೀತಿ ಬಿಟ್ಟು ಪ್ರಕೃತಿಗೆ ಮರಳಬೇಕೆಂದು ವಾದಿಸುತ್ತಲೇ ಒಳಗೆ ಹೋಗಿ ಬರುತ್ತಾನೆ. ಬಂದಾಗಲೆಲ್ಲ ಹಣೆಯ ಬುಗುಟು ಹೆಚ್ಚಿರುತ್ತದೆ, ಚರ್ಮ ಹಸಿರುಗಟ್ಟಿರುತ್ತದೆ, ದನಿ ಗೊಗ್ಗರಾಗಿರುತ್ತದೆ. 1961ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಜೀರೋ ಮೊಸ್ಟೆಲ್ ಎಂಬ ನಟ ಇದನ್ನು ಮುಖವಾಡವಿಲ್ಲದೆ ಬರೀ ಮೈ, ಕಂಠದಿಂದಲೇ ಆಡಿ ಅಲ್ಲಿನ ರಂಗಭೂಮಿಯ ಟೋನಿ ಪ್ರಶಸ್ತಿ ಪಡೆದ. ಅದಕ್ಕೂ ಮುಂಚೆ ಕಮ್ಯುನಿಸ್ಟನೆಂಬ ಶಂಕೆಗೆ ವರ್ಷಗಟ್ಟಲೆ ಕಪ್ಪುಪಟ್ಟಿಯಲ್ಲಿದ್ದವನು ಅವನು. ಗುಂಪು ಹೇಗೆ ಮೇಲೆ ಬೀಳುತ್ತದೆಂದು ಅವನಿಗೆ ಯಾವ ನಿರ್ದೇಶಕನೂ ಹೇಳಿಕೊಡಬೇಕಿರಲಿಲ್ಲ. ಆ ಪ್ರದರ್ಶನ ತೀರಾ ನಗೆನಾಟಕವಾಯಿತೆಂದು ಅಯನೆಸ್ಕೊ ಗೊಣಗಿದ್ದುಂಟು, ಅದು ಬೇರೆ ಜಗಳ.

ಇನ್ನು ಆ ಮುಷ್ಟಿ. ಚಪ್ಪಾಳೆ ಬಿತ್ತೆಂದು ಹಿಗ್ಗಬೇಡಿ. ಆ ಮಾತಿಗೆ ಮುಂಚೆ ಬೆರಂಜೆ ಏನು ಮಾಡುತ್ತಾನೆ? ಕನ್ನಡಿ ನೋಡಿಕೊಂಡು ತನ್ನ ಬೋಳು ಹಣೆಗೆ ನಾಚುತ್ತಾನೆ, ಒಂದು ಕೊಂಬಾದರೂ ಮೂಡಬಾರದಿತ್ತೇ ಎಂದು ಹಂಬಲಿಸುತ್ತಾನೆ, ಅವುಗಳಂತೆ ಕೂಗಲು ಹೋಗಿ ಸೋಲುತ್ತಾನೆ. ಸೇರಬೇಕೆಂದರೂ ಸೇರಲಾಗದವನು ಆಮೇಲೆ ಶರಣಾಗುವುದಿಲ್ಲ ಎನ್ನುತ್ತಾನೆ. ನಿಮ್ಮ ನಟ ಆ ಮುಜುಗರವನ್ನು ನುಂಗಿ ವೀರನಾಗಿಬಿಟ್ಟ. ಒಬ್ಬಂಟಿಯ ಮಾತಿಗೆ ಇಡೀ ಸಭಾಂಗಣ ಒಂದೇ ತಾಳದಲ್ಲಿ ಚಪ್ಪಾಳೆ ತಟ್ಟಿತು!

ತಪ್ಪು ನಿಮ್ಮೊಬ್ಬರದೇ ಅಲ್ಲ ಬಿಡಿ. ಚಂದ್ರಕಾಂತ ಕುಸನೂರರು ಕನ್ನಡದಲ್ಲೇ ‘ಆನಿ ಬಂತಾನಿ’ ಎಂಬ ಅಸಂಗತ ನಾಟಕ ಬರೆದು ದಶಕಗಳಾದ ಮೇಲೂ ನಮಗೆ ನಾಟಕವೆಂದರೆ ಸಂದೇಶ. ಪರದೆ ಏಳುವ ಮುಂಚೆ ನಿರ್ದೇಶಕರ ಮಾತು, ಮುಗಿದ ಮೇಲೆ ಮುಖ್ಯ ಅತಿಥಿಗಳಿಂದ ಸಾರಾಂಶ, ನಡುವೆ ಹಾರ-ತುರಾಯಿ. ಒಮ್ಮೆ ಅತಿಥಿಯೊಬ್ಬರು ಕೊನೆಯ ದೃಶ್ಯಕ್ಕೆ ಬಂದು ಕೂತು, ಅದೇ ನಾಟಕದ ತಿರುಳನ್ನು ಮುಕ್ಕಾಲು ಗಂಟೆ ವಿವರಿಸಿದ್ದನ್ನು ನಾನೇ ಕೇಳಿದ್ದೇನೆ. ಕತೆ ಕಳಿಸುವವರೂ ಜೊತೆಗೊಂದು ‘ಆಶಯ’ ಬರೆದು ಲಗತ್ತಿಸುತ್ತಾರೆ. ನಾನು ಆಶಯ ಹರಿದು ಕತೆ ಓದುತ್ತೇನೆ.

‘ಯಾರ್ರೀ?’ ಎಂದು ಕೇಳಿದರಲ್ಲ, ಆ ಪ್ರೇಕ್ಷಕರೇ ನಿಮ್ಮ ಗಳಿಕೆ. ಅವರಿಗೆ ಉತ್ತರ ಕೊಡಬೇಡಿ. ಮುಂದಿನ ಪ್ರದರ್ಶನದ ತಾರೀಖು ತಿಳಿಸಿ, ಟಿಕೆಟ್ ಕೊಂಡೇ ಬರುತ್ತೇನೆ. ಅಧ್ಯಕ್ಷತೆಗೆ ಮಾತ್ರ ಕರೆಯಬೇಡಿ.
– ಸಂಪಾದಕ