ಸಾಕಿದ ಇರುವೆಗಳ ಜೊತೆ ಜೀರುಂಡೆಯನ್ನೂ ಬಿಡಬಹುದೇ? ಗೂಡಿನ ಕಸ ತಿಂದುಕೊಂಡು ಇರುತ್ತದಾ?

ನಿಮ್ಮದು ಫೈಡೋಲಿ ಎಂಬ ಇರುವೆಯ ಆರು ತಿಂಗಳ ಗೂಡು, ನೂರು ಚಿಲ್ಲರೆ ಇರುವೆ, ಜೊತೆಗೆ ಕಲ್ಲಿನಡಿ ಸಿಕ್ಕ ಒಂದು ಪೌಸಸ್, ಅಂದರೆ ಇರುವೆ ಗೂಡಿನಲ್ಲಿ ಬಾಳುವ ಜೀರುಂಡೆ. ನಿಮ್ಮ ಪ್ರಶ್ನೆ ಓದಿ ಹೊಟ್ಟೆ ಚುರುಕ್ ಎಂದಿತು. ನನ್ನ ಹತ್ತಿರ ಎರಡು ಜೀರುಂಡೆ ಇದ್ದವು, ಅಷ್ಟೇ ವ್ಯತ್ಯಾಸ.

ಬಿಟ್ಟ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮೊದಲು ನಾಲ್ಕೈದು ಇರುವೆ ಬಂದು ಕಚ್ಚಿ ನೋಡಿದವು. ಆಮೇಲೆ ಒಂದು ಇರುವೆ ಜೀರುಂಡೆಯ ಕುಡಿಮೀಸೆ ಹಿಡಿದು ಒಳಗೆ ಎಳೆದುಕೊಂಡು ಹೋಯಿತು. ಪೌಸಸ್‌ನ ಕುಡಿಮೀಸೆ ನೀವೂ ನೋಡಿರುತ್ತೀರಿ, ದಪ್ಪಗೆ ಊದಿಕೊಂಡಿರುತ್ತದೆ. ಅಲ್ಲಿಂದ ಒಸರುವ ರಸ ನೆಕ್ಕಲು ಇರುವೆಗಳು ಸಾಲು ನಿಲ್ಲುತ್ತವೆ. ಮೂರನೇ ದಿನ ನೋಡಿದರೆ ಎರಡೂ ರಾಣಿಯ ಪಕ್ಕದಲ್ಲೇ, ಮನೆಅಳಿಯನ ಹಾಗೆ, ಆರಾಮಾಗಿ ಕೂತಿದ್ದವು. ಪೌಸಸ್ ಫೇವಿಯೆರಿ ಎಂಬ ಜಾತಿಯ ಜೀರುಂಡೆ ಮೈ ಉಜ್ಜಿ ಹೊರಡಿಸುವ ಸದ್ದು ಕೆಲಸಗಾರ, ಸೈನಿಕ, ರಾಣಿ ಇರುವೆಗಳ ಸದ್ದನ್ನು ಹೋಲುತ್ತದೆ ಎಂದು 2015ರಲ್ಲಿ ಒಂದು ಅಧ್ಯಯನ ಪ್ರಕಟವಾಗಿದೆ. ಅದನ್ನು ಓದಿದ ಮೇಲೆ, ಮೋಸಹೋಗಿ ಅದನ್ನು ಒಳಗೆ ಬಿಟ್ಟುಕೊಂಡ ನನ್ನ ಇರುವೆಗಳ ಮೇಲಿದ್ದ ಸಿಟ್ಟು ಸ್ವಲ್ಪ ಇಳಿಯಿತು.

ಈಗ ನನ್ನ ತಪ್ಪು. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ದಿನಾ ಸಂಜೆ ಇರುವೆ ಎಣಿಸುತ್ತಿದ್ದೆ. ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಮೊದಲ ವಾರ 150ರ ಆಸುಪಾಸು. ಮೂರನೇ ವಾರ 170. ಜಾಸ್ತಿ ಆಗ್ತಿದೆ ಅಲ್ವಾ, ಇನ್ನೇನು ಬೇಕು ಅಂದುಕೊಂಡೆ. ಆದರೆ ಗೂಡಿನಲ್ಲಿ ಓಡಾಡುವ ಇರುವೆ ಅಂದರೆ ಹಳೇ ಸುದ್ದಿ. ಮೊಟ್ಟೆ ಮರಿಹುಳುವಾಗಿ, ಕೋಶವಾಗಿ, ಇರುವೆಯಾಗಿ ಹೊರಬರಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ನಾನು ಎಣಿಸಿದ ಆ ಹೊಸ ಇಪ್ಪತ್ತು ಇರುವೆಗಳು ಜೀರುಂಡೆ ಬರುವ ಮೊದಲೇ ಹುಟ್ಟಿದ್ದವು, ಆಗಲೇ ಕೋಶದೊಳಗೆ ಸೇರಿಕೊಂಡಿದ್ದವು. ಅವುಗಳ ಹಿಂದೆ ಬರಬೇಕಾದವು ಬರುತ್ತಿರಲಿಲ್ಲ. ನಾನು ಎಣಿಸಬೇಕಾಗಿದ್ದದ್ದು ಮರಿಹುಳುಗಳನ್ನು.

ಸುಳಿವೇ ಸಿಗಲಿಲ್ಲ ಅಂತಲ್ಲ. ಮೂರನೇ ವಾರದಿಂದ ನಾನು ಹಾಕಿದ ಹುಳದ ತುಂಡು ಹಾಗೇ ಒಣಗುತ್ತಿತ್ತು. ಸಕ್ಕರೆ ನೀರು ಮಾತ್ರ ಖಾಲಿ. ದೊಡ್ಡ ಇರುವೆಗಳಿಗೆ ಓಡಾಡಲು ಸಕ್ಕರೆ ಸಾಕು, ಹುಳದ ಮಾಂಸ ಮುಖ್ಯವಾಗಿ ಬೇಕಾಗುವುದು ಬೆಳೆಯುವ ಮರಿಗಳಿಗೆ ಮತ್ತು ಮೊಟ್ಟೆ ಇಡುವ ರಾಣಿಗೆ. ಮಾಂಸ ಯಾರಿಗೂ ಬೇಡ ಅಂದರೆ ತೊಟ್ಟಿಲು ಖಾಲಿ ಅಂತ ಅರ್ಥ. ನಾನು ಹುಳ ಇಷ್ಟವಾಗಲಿಲ್ಲವೇನೋ ಅಂತ ಬೇರೆ ಜಾತಿಯ ಹುಳ ತಂದು ಹಾಕಿದೆ!

ಆರನೇ ವಾರ ಗೂಡು ನೋಡಿ 'ಎಷ್ಟು ಚೊಕ್ಕಟ ಇದೆ' ಅಂದುಕೊಂಡೆ. ನೀವು ಕೇಳಿದ್ದೀರಲ್ಲ, ಕಸ ತಿನ್ನುತ್ತದಾ ಅಂತ. ಆ ಚೊಕ್ಕಟ ಕಸ ಹೋಗಿದ್ದರಿಂದಲ್ಲ, ಮರಿಹುಳುಗಳೇ ಖಾಲಿಯಾಗಿದ್ದರಿಂದ. ಭೂತಗನ್ನಡಿ ಹಿಡಿದು ನೋಡಿದೆ. ಉಳಿದಿದ್ದ ಕೆಲವೇ ಮರಿಹುಳುಗಳಲ್ಲಿ ಒಂದಕ್ಕೆ ಜೀರುಂಡೆ ದವಡೆ ಚುಚ್ಚಿ ರಸ ಹೀರುತ್ತಿತ್ತು. ಅದೇ ಹೊತ್ತಿಗೆ ಒಂದು ಇರುವೆ ಅದರ ಕುಡಿಮೀಸೆ ನೆಕ್ಕುತ್ತಾ ನಿಂತಿತ್ತು. ಉಂಡ ಮನೆಯ ಜಂತೆ ಎಣಿಸುವುದು ಅಂತಾರೆ. ಇದು ಎಣಿಸುವುದಿಲ್ಲ, ತಿಂದೇ ಮುಗಿಸುತ್ತದೆ.

ಎರಡನ್ನೂ ಅವತ್ತೇ ತೆಗೆದು, ಸಿಕ್ಕಿದ್ದ ಕಲ್ಲಿನ ಅಡಿಗೇ ಬಿಟ್ಟು ಬಂದೆ. ತಡವಾಗಿತ್ತು. ಹಳೇ ಇರುವೆಗಳು ಒಂದೊಂದಾಗಿ ಸತ್ತವು, ಜಾಗಕ್ಕೆ ಹೊಸಬರಿಲ್ಲ. ಹತ್ತಿಪ್ಪತ್ತು ಉಳಿದಾಗ ರಾಣಿ ಮೊಟ್ಟೆ ಇಡುವುದನ್ನೇ ನಿಲ್ಲಿಸಿತು. ಆಮೇಲೆ ಅದೂ ಹೋಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ. ಕಸಕ್ಕೆ, ಬೂಷ್ಟಿಗೆ ಸ್ಪ್ರಿಂಗ್‌ಟೇಲ್ ಎಂಬ ಪುಟಾಣಿ ಜಿಗಿಯುವ ಹುಳುಗಳನ್ನು ಬಿಡಿ, ಸುಮ್ನೆ ತಮ್ಮ ಪಾಡಿಗೆ ಇರುತ್ತವೆ. ಪೌಸಸ್ ಬರುವುದು ಮರಿಗಳಿಗಾಗಿ. ಅದು ಬಿಟ್ಟು ಬೇರೆ ಜೀರುಂಡೆ ಹಾಕಲಾ ಅಂತ ಕೇಳಿದ್ದೀರಿ. ಕ್ಲಾವಿಜರ್ ಎಂಬ ಜೀರುಂಡೆಗೆ ಕಣ್ಣಿಲ್ಲ, ಅದಕ್ಕೆ ಬಾಯಿಗೆ ಬಾಯಿ ಇಟ್ಟು ಉಣಿಸುವುದು ಲೇಸಿಯಸ್ ಎಂಬ ಬೇರೆ ಇರುವೆಗಳು. ನಿಮ್ಮ ಫೈಡೋಲಿ ಗೂಡಿನಲ್ಲಿ ಅದು ಬದುಕುತ್ತದೆ ಅಂತ ನಾನು ನಂಬುವುದಿಲ್ಲ. ಲೊಮೆಕೂಸಾ ಗುಂಪಿನ ಜೀರುಂಡೆಗಳಲ್ಲಿ ಬೇಸಿಗೆಗೆ ಫಾರ್ಮಿಕಾ ಇರುವೆಯ ಗೂಡು, ಚಳಿಗಾಲಕ್ಕೆ ಮಿರ್ಮಿಕಾ ಇರುವೆಯ ಗೂಡು ಅಂತ ಮನೆ ಬದಲಿಸುವವೂ ಇವೆ. ಅದಕ್ಕಾಗಿ ಎರಡು ಜಾತಿ ಇರುವೆ ಸಾಕುತ್ತೀರಾ?

ಜೀರುಂಡೆ ನೋಡಲೇಬೇಕು ಅನ್ನುವ ಹಟ ಇದ್ದರೆ ಇನ್ನೊಂದೆರಡು ವರ್ಷ ಕಾಯಿರಿ. ಗೂಡು ಸಾವಿರ ದಾಟಲಿ. ಆಗ ಒಂದು ಹಿಡಿ ಇರುವೆ, ಒಂದಿಷ್ಟು ಮರಿಹುಳು ಬೇರೆ ಡಬ್ಬಿಗೆ ಹಾಕಿ ಜೀರುಂಡೆಯನ್ನು ಅಲ್ಲಿ ಬಿಡಿ. ಮರಿ ಕಡಿಮೆಯಾದಂತೆ ದೊಡ್ಡ ಗೂಡಿನಿಂದ ತುಂಬಿಸುತ್ತಿರಿ. ಆ ಡಬ್ಬಿಗೆ ರಾಣಿಯನ್ನು ಮಾತ್ರ ಸೇರಿಸಬೇಡಿ. ಮರಿ ತಿನ್ನಿಸುತ್ತಾ ನೋಡುವುದು ಮನಸ್ಸಿಗೆ ಒಗ್ಗದಿದ್ದರೆ ಈ ಆಸೆಯನ್ನೇ ಬಿಟ್ಟುಬಿಡಿ, ನಾನೂ ಬಿಟ್ಟಿದ್ದೇನೆ.

ನಿಮ್ಮ ಜೀರುಂಡೆಯನ್ನು ಇವತ್ತೇ ಹಳೇ ಕಲ್ಲಿನ ಅಡಿಗೆ ತಲುಪಿಸಿ. ಬರಿಗೈಯಲ್ಲಿ ಹಿಡಿಯಬೇಡಿ. ಹೆದರಿದರೆ ಹಿಂಭಾಗದಿಂದ ಪಟ್ ಅಂತ ಬಿಸಿ ರಸ ಸಿಡಿಸುತ್ತದೆ. ನನ್ನ ಬೆರಳಿನ ಕಂದು ಕಲೆ ಹೋಗಲು ವಾರ ಹಿಡಿಯಿತು.