10000 ಎಂಎಎಚ್ ಪವರ್ ಬ್ಯಾಂಕ್, 5000 ಎಂಎಎಚ್ ಫೋನ್: ಎರಡು ಸಲ ಏಕೆ ತುಂಬುತ್ತಿಲ್ಲ?

ನಿಮ್ಮ ಪವರ್ ಬ್ಯಾಂಕ್ ಕೆಟ್ಟಿರುವ ಸಾಧ್ಯತೆ ಕಡಿಮೆ. 10000 ಎಂಎಎಚ್ (ಬ್ಯಾಟರಿ ಸಾಮರ್ಥ್ಯದ ಅಳತೆ) ಎಂಬುದು ಒಳಗಿನ ಬ್ಯಾಟರಿ ಸೆಲ್‌ನ 3.7 ವೋಲ್ಟ್ ಲೆಕ್ಕ. ಅದನ್ನು 5 ವೋಲ್ಟ್‌ಗೆ ಏರಿಸಿ ಹೊರಗೆ ಕೊಡುವಾಗ 7400ಕ್ಕೆ ಇಳಿಯುತ್ತದೆ. ಬಿಸಿಯಾಗಿ ನಷ್ಟವಾಗುವುದು ಬೇರೆ. ಒಂದೂಕಾಲು, ಒಂದೂವರೆ ಸಲ ತುಂಬುತ್ತಿದ್ದರೆ ಚಿಂತೆ ಬೇಡ.

ಮೊದಲು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ‘ರೇಟೆಡ್ ಕೆಪಾಸಿಟಿ’ (ನಿಜಕ್ಕೂ ಹೊರಗೆ ಸಿಗುವ ಸಾಮರ್ಥ್ಯ) ಹುಡುಕಿ. ನಂಬಬೇಕಾದದ್ದು ಆ ಅಂಕಿಯನ್ನು. ಆಮೇಲೆ ಪವರ್ ಬ್ಯಾಂಕನ್ನು ಪೂರ್ತಿ ತುಂಬಿಸಿ, ಫೋನ್ ಆಫ್ ಮಾಡಿ, ಗಿಡ್ಡನೆಯ ದಪ್ಪ ಕೇಬಲ್‌ನಲ್ಲಿ ಚಾರ್ಜ್ ಮಾಡಿ. ಫೋನ್ ಬಳಸುತ್ತಲೇ ಪರೀಕ್ಷಿಸಿದರೆ ಲೆಕ್ಕ ಸಿಗುವುದೇ ಇಲ್ಲ.

ಹೀಗೆ ಮಾಡಿಯೂ ಒಂದು ಸಲ ತುಂಬದಿದ್ದರೆ ಬಹುಶಃ ಸೆಲ್ ಹಳತಾಗಿದೆ, ಇಲ್ಲವೇ ಮೇಲೆ ಬರೆದ ಸಾಮರ್ಥ್ಯವೇ ಸುಳ್ಳು. ಎರಡರಲ್ಲಿ ಯಾವುದೇ ಆಗಿದ್ದರೂ ಪವರ್ ಬ್ಯಾಂಕನ್ನೇ ಬದಲಾಯಿಸುವುದು ದಾರಿ. ಪವರ್ ಬ್ಯಾಂಕಿನ ಮೈ ಉಬ್ಬಿದ್ದರಂತೂ ದಯವಿಟ್ಟು ಇಂದೇ ಬಳಕೆ ನಿಲ್ಲಿಸಿ.